ಹಳೆಯ ಗಾಡಿಯ ಇಗ್ನಿಷನ್‌ಗೆ ಒಳ್ಳೆಯ ಬಿಡಿಭಾಗ ಆರಿಸುವುದು ಹೇಗೆ?

ಇಂಜಿನ್ ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಇಪ್ಪತ್ತು ನಿಮಿಷ ಓಡಿದ ಮೇಲೆ ಒಂದೆರಡು ಜರ್ಕ್, ಆಮೇಲೆ ಪೂರ್ತಿ ಬಂದ್. ಅರ್ಧ ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್. ನನ್ನ ಹಳೆಯ ಕಾರು ಹೀಗೆ ಎರಡು ವಾರ ಕಾಡಿತು. ಕಾರ್ಬ್ಯುರೇಟರ್ ಬಿಚ್ಚಿದೆ, ಪೆಟ್ರೋಲ್ ಪಂಪ್ ನೋಡಿದೆ, ಫಿಲ್ಟರ್ ಬದಲಾಯಿಸಿದೆ. ಇಗ್ನಿಷನ್‌ನ, ಅಂದರೆ ಪ್ಲಗ್‌ಗೆ ಕಿಡಿ ಕೊಡುವ ವ್ಯವಸ್ಥೆಯ, ಸಣ್ಣ ಭಾಗವಾದ ಕಂಡೆನ್ಸರ್ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಯಾಕಂದ್ರೆ ಅದು ಹೊಸದು, ಹಿಂದಿನ ತಿಂಗಳಷ್ಟೇ ನಾನೇ ಹಾಕಿದ್ದೆ. ಕೊನೆಗೆ ಡಬ್ಬದಲ್ಲಿ ಎತ್ತಿಟ್ಟಿದ್ದ ಹಳೆಯ ಕಂಡೆನ್ಸರನ್ನೇ ವಾಪಸ್ ಹಾಕಿದೆ. ಗಾಡಿ ದಾರಿಯಲ್ಲಿ ನಿಲ್ಲುವುದು ಅಲ್ಲಿಗೆ ಮುಗಿಯಿತು.

ಪಾಯಿಂಟ್ (ತೆರೆದು ಮುಚ್ಚುವ ಸ್ವಿಚ್), ಕಂಡೆನ್ಸರ್, ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ) ಇರುವ ಗಾಡಿ ಇಟ್ಟುಕೊಂಡವರಿಗೆ ಇವತ್ತಿನ ದೊಡ್ಡ ತಲೆನೋವು ಇದೇ. ಕೆಟ್ಟದ್ದನ್ನು ತೆಗೆದು ಹೊಸದು ಹಾಕುತ್ತೇವೆ. ಹಾಕಿದ ಹೊಸದೇ ಕೆಟ್ಟದ್ದಾಗಿರುತ್ತದೆ. ಹೊಸದಲ್ವಾ ಅಂತ ಅದರ ಮೇಲೆ ಅನುಮಾನ ಪಡುವುದಿಲ್ಲ. ಅದಕ್ಕೇ ಕೊಳ್ಳುವ ಮುಂಚೆ ಏನು ನೋಡಬೇಕು, ಕೈಗೆ ಬಂದ ಮೇಲೆ ಹೇಗೆ ಪರೀಕ್ಷೆ ಮಾಡಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲು ವ್ಯವಸ್ಥೆ ಅರ್ಥವಾಗಲಿ

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಿಗೆ ಬಂತು. 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಹರಡುವ ತನಕ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಾಗಿ ಓಡಿದ್ದು ಅದೇ ತತ್ವ. ಪಾಯಿಂಟ್ ಮುಚ್ಚಿದಾಗ ಬ್ಯಾಟರಿಯ ಕರೆಂಟು ತಂತಿ ಸುತ್ತಿದ ಕಾಯಿಲ್‌ನ ಒಳಗೆ ಹರಿಯುತ್ತದೆ. ಪಾಯಿಂಟ್ ತೆರೆದ ಕ್ಷಣ ಕರೆಂಟು ತಟ್ಟನೆ ನಿಲ್ಲುತ್ತದೆ. ಆಗ ಕಾಯಿಲ್‌ನ ಎರಡನೇ ಸುತ್ತಿನಲ್ಲಿ ಹತ್ತು ಸಾವಿರ ವೋಲ್ಟ್‌ಗೂ ಮೀರಿದ ಒತ್ತಡ ಹುಟ್ಟಿ, ಡಿಸ್ಟ್ರಿಬ್ಯೂಟರ್‌ನ ಒಳಗೆ ತಿರುಗುವ ರೋಟರ್ ಮತ್ತು ಅದರ ಮುಚ್ಚಳವಾದ ಕ್ಯಾಪ್ ದಾಟಿ, ವೈರ್ ಮೂಲಕ ಪ್ಲಗ್ ತಲುಪಿ ಕಿಡಿಯಾಗುತ್ತದೆ. ಕಂಡೆನ್ಸರ್ ಕೆಲಸ ಎರಡು. ತೆರೆಯುವ ಪಾಯಿಂಟ್‌ಗಳ ಮಧ್ಯೆ ಕಿಡಿ ಹಾರಿ ಅವು ಸುಡದ ಹಾಗೆ ನೋಡಿಕೊಳ್ಳುವುದು, ಕರೆಂಟು ಬೇಗ ನಿಲ್ಲುವ ಹಾಗೆ ಮಾಡುವುದು.

ನಾಲ್ಕು ಸಿಲಿಂಡರ್ ಇಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಇದೆಲ್ಲ ಸೆಕೆಂಡಿಗೆ 100 ಸಲ ನಡೆಯಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಇಂಜಿನ್ ಮಿಸ್ಸಿಂಗ್ ಶುರು ಮಾಡುತ್ತದೆ.

ಕೊಳ್ಳುವ ಮುಂಚೆ ಡಿಸ್ಟ್ರಿಬ್ಯೂಟರ್ ನೋಡಿ

ಕ್ಯಾಪ್ ತೆಗೆಯಿರಿ. ರೋಟರ್ ಕಿತ್ತು, ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಅಲ್ಲಾಡಿದರೆ ಒಳಗಿನ ಬುಷ್ ಸವೆದಿದೆ. ಅಂಥದ್ದಕ್ಕೆ ಎಷ್ಟು ಒಳ್ಳೆಯ ಪಾಯಿಂಟ್ ತಂದು ಹಾಕಿದರೂ ಅದರ ಎರಡು ಮುಖಗಳ ನಡುವಿನ ಗ್ಯಾಪ್ ಒಂದು ಕಡೆ ನಿಲ್ಲುವುದಿಲ್ಲ. ಮೊದಲು ಬುಷ್ ರಿಪೇರಿ ಆಗಬೇಕು.

ವ್ಯಾಕ್ಯೂಮ್ ಅಡ್ವಾನ್ಸ್ (ಇಂಜಿನ್ನಿನ ಎಳೆತಕ್ಕೆ ತಕ್ಕಂತೆ ಕಿಡಿಯನ್ನು ಮುಂಚೆ ಹಾರಿಸುವ ಭಾಗ) ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಕಿತ್ತು ಬಾಯಲ್ಲಿ ಎಳೆಯಿರಿ. ಪಾಯಿಂಟ್ ಕೂತಿರುವ ತಟ್ಟೆ ಸ್ವಲ್ಪ ತಿರುಗಬೇಕು, ನಾಲಿಗೆಯಿಂದ ಪೈಪ್ ಮುಚ್ಚಿದರೆ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಒಳಗಿನ ತೆಳು ಪೊರೆ, ಅಂದರೆ ಡಯಾಫ್ರಮ್, ಹರಿದಿದೆ. ತಟ್ಟೆಯನ್ನು ಡಿಸ್ಟ್ರಿಬ್ಯೂಟರ್ ಮೈಗೆ ಜೋಡಿಸುವ ಸಣ್ಣ ಹೆಣೆದ ಅರ್ತ್ ವೈರನ್ನೂ ನೋಡಿ. ಮೇಲೆ ಚೆನ್ನಾಗೇ ಕಂಡರೂ ಒಳಗೆ ಎಳೆಗಳು ತುಂಡಾಗಿರುತ್ತವೆ. ಎಷ್ಟೋ ಮಿಸ್ಸಿಂಗ್‌ಗೆ ಇದೇ ಕಾರಣ, ಆದರೆ ಇದನ್ನು ಬದಲಾಯಿಸುವವರು ಕಡಿಮೆ.

ಡಿಸ್ಟ್ರಿಬ್ಯೂಟರ್ ಮೈಮೇಲೆ ಒತ್ತಿರುವ ಸಂಖ್ಯೆ ಬರೆದುಕೊಳ್ಳಿ. ಬಟ್ಟೆಯಿಂದ ಎಣ್ಣೆ ಒರೆಸಿದರೆ ಕಾಣುತ್ತದೆ. ಗಾಡಿಯ ಹೆಸರು, ವರ್ಷ ಹೇಳಿ ಪಾರ್ಟ್ ಕೇಳಿದರೆ ತಪ್ಪು ಬರುವ ಸಾಧ್ಯತೆ ಜಾಸ್ತಿ. ಬ್ರಿಟನ್ನಿನ ಹಳೆಯ ಎಂಜಿಬಿ ಕಾರನ್ನೇ ತೆಗೆದುಕೊಳ್ಳಿ. ಮೊದಲಿನ ವರ್ಷಗಳಲ್ಲಿ ಅದಕ್ಕೆ ಬಂದದ್ದು ಲ್ಯೂಕಸ್ ಕಂಪನಿಯ 25ಡಿ ಡಿಸ್ಟ್ರಿಬ್ಯೂಟರ್, ಆಮೇಲೆ 45ಡಿ. ಇವೆರಡರ ಪಾಯಿಂಟ್, ಕ್ಯಾಪ್, ರೋಟರ್ ಬೇರೆ ಬೇರೆ. ಅದರ ಮೇಲೆ, ಇಷ್ಟು ವರ್ಷಗಳಲ್ಲಿ ಯಾವ ಮೆಕ್ಯಾನಿಕ್ ಯಾವ ಗಾಡಿಯ ಡಿಸ್ಟ್ರಿಬ್ಯೂಟರ್ ತಂದು ಕೂರಿಸಿದ್ದಾರೋ ಹೇಳುವುದು ಕಷ್ಟ. ಸಂಖ್ಯೆ ನೋಡಿ ಕೊಂಡರೆ ಆ ಗೊಂದಲವೇ ಇಲ್ಲ.

ಪಾಯಿಂಟ್ ಆರಿಸುವಾಗ

ಹೊಸ ಪಾಯಿಂಟನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಎರಡು ಮುಖಗಳು ಸಮವಾಗಿ, ಒಂದರ ಮೇಲೊಂದು ನೇರ ಕೂರಬೇಕು. ಒಂದು ಅಂಚು ಮಾತ್ರ ತಗುಲಿ ಇನ್ನೊಂದು ಕಡೆ ಬೆಳಕು ಕಂಡರೆ ಅದು ಬೇಡ. ಕರೆಂಟೆಲ್ಲ ಆ ಸಣ್ಣ ಅಂಚಿನಲ್ಲೇ ಹರಿದು ಬೇಗ ಸುಡುತ್ತದೆ.

ಆಮೇಲೆ ಶಾಫ್ಟಿನ ಉಬ್ಬುಗಳಾದ ಕ್ಯಾಮ್‌ಗೆ ಉಜ್ಜುವ ಹಿಮ್ಮಡಿ. ಒಳ್ಳೆಯದು ಗಟ್ಟಿಯಾಗಿ, ನುಣುಪಾಗಿ ಇರುತ್ತದೆ. ಅದನ್ನು ತೋಳಿಗೆ ಸೇರಿಸಿರುವ ಜಾಗವನ್ನು ಉಗುರಿನಿಂದ ಒತ್ತಿ ನೋಡಿ, ಅಲ್ಲಾಡಬಾರದು. ಕಳಪೆ ಹಿಮ್ಮಡಿ ಬೇಗ ಸವೆಯುತ್ತದೆ. ಅದು ಸವೆದಷ್ಟೂ ಗ್ಯಾಪ್ ಕಮ್ಮಿಯಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ. ಪಿಕಪ್ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗುತ್ತದೆ. ನಿಧಾನವಾಗಿ ಆಗುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಹೊಸ ಪಾಯಿಂಟ್‌ನ ಮುಖದ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆಯ ತೆಳು ಪದರ ಇರುತ್ತದೆ. ಹಾಗೇ ಹಾಕಿದರೆ ಸ್ಟಾರ್ಟ್ ಆಗದೆ ಸತಾಯಿಸಬಹುದು, ಆದರೂ ಓಡಿದರೆ ಮುಖಗಳು ಕಪ್ಪಾಗಿ ಸುಡುತ್ತವೆ. ಬಿಳಿ ಕಾಗದದ ಪಟ್ಟಿಯೊಂದನ್ನು ಸ್ಪಿರಿಟ್‌ನಲ್ಲಿ ಅದ್ದಿ, ಮುಚ್ಚಿದ ಮುಖಗಳ ನಡುವೆ ತೂರಿಸಿ ಎಳೆಯಿರಿ. ಮೊದಲ ಸಲ ಕಾಗದದ ಮೇಲೆ ಬೂದು ಗೆರೆ ಬೀಳುತ್ತದೆ. ಹೊಸ ಪಟ್ಟಿ ತೆಗೆದುಕೊಂಡು ಮತ್ತೆ ಎಳೆಯಿರಿ. ಕಾಗದ ಬೆಳ್ಳಗೇ ಹೊರಬರುವ ತನಕ ಮಾಡಿ. ಕೊನೆಗೆ ಒಂದು ಒಣ ಪಟ್ಟಿ ಎಳೆದು, ಕಾಗದದ ನಾರು ಸಿಕ್ಕಿಕೊಂಡಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಈ ಎರಡು ನಿಮಿಷದ ಕೆಲಸ ಬಿಟ್ಟು, ಪಾಯಿಂಟೇ ಸರಿಯಿಲ್ಲ ಅಂತ ಬಿಸಾಕಿದವರನ್ನು ನೋಡಿದ್ದೇನೆ.

ಗ್ಯಾಪ್ ಎಷ್ಟು ಅನ್ನುವುದಕ್ಕೆ ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಪ್ರಮಾಣ. ನಾಲ್ಕು ಸಿಲಿಂಡರ್ ಕಾರುಗಳಲ್ಲಿ ಸಾಮಾನ್ಯವಾಗಿ 0.35ರಿಂದ 0.40 ಮಿಲಿಮೀಟರ್ ಆಸುಪಾಸು. ಫೋಕ್ಸ್‌ವ್ಯಾಗನ್ ಬೀಟಲ್‌ಗೆ 0.40. ಹೊಸ ಪಾಯಿಂಟ್‌ಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಸಾಕು. ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು ಬಂದಿರುವ ಹಳೆಯದಕ್ಕೆ ಗೇಜ್ ಸುಳ್ಳು ಹೇಳುತ್ತದೆ. ಅಲ್ಲಿ ಡ್ವೆಲ್ ಮೀಟರ್ (ಪಾಯಿಂಟ್ ಎಷ್ಟು ಹೊತ್ತು ಮುಚ್ಚಿರುತ್ತದೆ ಅಂತ ಅಳೆಯುವುದು) ಬೇಕು. ಕ್ಯಾಮ್ ಮೇಲೆ ಚೂರೇ ಚೂರು ಗ್ರೀಸ್ ಸವರಿ, ಬೆಂಕಿಕಡ್ಡಿಯ ತಲೆಯಷ್ಟು ಸಾಕು. ಜಾಸ್ತಿಯಾದರೆ ಹಾರಿ ಪಾಯಿಂಟ್ ಮೇಲೆ ಕೂರುತ್ತದೆ.

ಕಂಡೆನ್ಸರ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಇಡೀ ವ್ಯವಸ್ಥೆಯಲ್ಲಿ ಇಷ್ಟು ಸಣ್ಣ, ಇಷ್ಟು ಅಗ್ಗದ, ಇಷ್ಟು ಮೋಸ ಮಾಡುವ ಭಾಗ ಇನ್ನೊಂದಿಲ್ಲ.

ಬಹಳಷ್ಟು ಕಾರುಗಳಲ್ಲಿ ಇದರ ಕೆಪ್ಯಾಸಿಟಿ 0.18ರಿಂದ 0.30 ಮೈಕ್ರೋಫ್ಯಾರಡ್ ಒಳಗಿರುತ್ತದೆ. ಕೆಪ್ಯಾಸಿಟಿ ಅಳೆಯುವ ಮಲ್ಟಿಮೀಟರ್ ಇದ್ದರೆ ಕೊಂಡ ತಕ್ಷಣ ಅಳೆಯಿರಿ. ಆಮೇಲೆ ಹೇರ್ ಡ್ರೈಯರ್ ಹಿಡಿದು, ಕೈಗೆ ಚುರುಕ್ ಅನ್ನುವಷ್ಟು ಬಿಸಿ ಮಾಡಿ ಮತ್ತೆ ಅಳೆಯಿರಿ. ಸಂಖ್ಯೆ ಸ್ವಲ್ಪ ಆಚೀಚೆ ಆಗುವುದು ಸಹಜ. ಕುಣಿದಾಡಿದರೆ, ಇಲ್ಲವೇ ವೈರ್ ಬಗ್ಗಿಸಿದಾಗ ಸೊನ್ನೆಗೆ ಬಿದ್ದರೆ ಒಳಗಿನ ಜೋಡಣೆ ಸರಿಯಿಲ್ಲ. ನನ್ನ ಗಾಡಿಯಲ್ಲಿದ್ದ ಹೊಸ ಕಂಡೆನ್ಸರ್ ಹೀಗೇ ಸಿಕ್ಕಿಬಿತ್ತು. ತಣ್ಣಗಿದ್ದಾಗ 0.22 ತೋರಿಸಿತು, ಬಿಸಿಯಾದ ಮೇಲೆ ಅಂಕಿ ಒಂದು ಕಡೆ ನಿಲ್ಲಲೇ ಇಲ್ಲ.

ಒಂದು ಎಚ್ಚರಿಕೆ. ಮಲ್ಟಿಮೀಟರ್ ಅಳೆಯುವುದು ಕೆಲವೇ ವೋಲ್ಟ್‌ನಲ್ಲಿ. ಗಾಡಿಯಲ್ಲಿ ಪಾಯಿಂಟ್ ತೆರೆದಾಗ ಕಂಡೆನ್ಸರ್ ಮೇಲೆ ಇನ್ನೂರು, ಮುನ್ನೂರು ವೋಲ್ಟ್ ಬೀಳುತ್ತದೆ. ಹಾಗಾಗಿ ಮೀಟರ್‌ನಲ್ಲಿ ಫೇಲ್ ಆದರೆ ಖಂಡಿತ ಕೆಟ್ಟದ್ದು, ಪಾಸ್ ಆದರೆ ಒಳ್ಳೆಯದು ಅಂತ ಗ್ಯಾರಂಟಿ ಇಲ್ಲ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಪಾಯಿಂಟ್ ಮುಖಗಳ ನಡುವೆ ದಪ್ಪ, ಹೊಳೆಯುವ ಕಿಡಿ ಕಾಣುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ.

ಹಳೆಯ ಕಾಲದ, ಪೆಟ್ಟಿಗೆಯಲ್ಲೇ ಉಳಿದ ಕಂಡೆನ್ಸರ್ ಸಿಕ್ಕರೆ ಖುಷಿಪಟ್ಟು ಕೊಳ್ಳಬೇಡಿ. ಆಗಿನ ಕಂಡೆನ್ಸರ್‌ಗಳಲ್ಲಿ ಕಾಗದದ ಪದರ ಇರುತ್ತಿತ್ತು. ಬಳಸದೆ ಇಟ್ಟರೂ ಅದು ತೇವ ಎಳೆದುಕೊಂಡು ಹಾಳಾಗುತ್ತದೆ. ಹಾಗೇ ಉಳಿದ ಪಾಯಿಂಟ್, ಕ್ಯಾಪ್, ರೋಟರ್ ಸಿಕ್ಕರೆ ಮಾತ್ರ ಬಿಡಬೇಡಿ. ಅವು ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ.

ರೋಟರ್ ಮತ್ತು ಕ್ಯಾಪ್

ರೋಟರ್ ಅಂದರೆ ಒಂದು ಪ್ಲಾಸ್ಟಿಕ್ ತುಂಡು, ಮೇಲೊಂದು ಹಿತ್ತಾಳೆ ಪಟ್ಟಿ. ಇದರಲ್ಲೇನು ಕೆಡುತ್ತದೆ ಅನ್ನಿಸುತ್ತದೆ. ಕೆಡುವುದು ಪ್ಲಾಸ್ಟಿಕ್ಕೇ. ಆ ಪಟ್ಟಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಸ್ವಲ್ಪವೇ ಕೆಳಗೆ ಲೋಹದ ಶಾಫ್ಟ್ ಇರುತ್ತದೆ. ನಡುವಿನ ಪ್ಲಾಸ್ಟಿಕ್ ಕಳಪೆಯಾದರೆ ವಿದ್ಯುತ್ ಅದನ್ನು ಕೊರೆದು ನೇರ ಶಾಫ್ಟಿಗೆ ಇಳಿಯುತ್ತದೆ. ಪಟ್ಟಿಯನ್ನು ಕೂರಿಸಲು ಕೆಳಗಿನ ತನಕ ರಿವೆಟ್ ಹೊಡೆದಿದ್ದರೆ ಅಪಾಯ ಇನ್ನೂ ಜಾಸ್ತಿ, ಅಲ್ಲಿ ಉಳಿದಿರುವ ಪ್ಲಾಸ್ಟಿಕ್ ತೀರಾ ತೆಳು. ಆದ್ದರಿಂದ ರಿವೆಟ್ ಇಲ್ಲದೆ, ಪಟ್ಟಿಯನ್ನು ಅಚ್ಚಿನಲ್ಲೇ ಕೂರಿಸಿರುವ ರೋಟರ್ ಸಿಕ್ಕರೆ ಅದನ್ನೇ ಆರಿಸಿ.

ಗಾಡಿಯ ಮೇಲೇ ಪರೀಕ್ಷೆ ಮಾಡುವ ಒಂದು ದಾರಿ ಇದೆ. ಸುತ್ತ ಪೆಟ್ರೋಲ್ ಸೋರುತ್ತಿಲ್ಲ ಅಂತ ನೋಡಿಕೊಳ್ಳಿ. ಹೃದಯಕ್ಕೆ ಪೇಸ್‌ಮೇಕರ್ ಇರುವವರು ಹತ್ತಿರ ಬರುವುದೇ ಬೇಡ. ಕ್ಯಾಪ್ ತೆಗೆದು, ರೋಟರ್ ಅಲ್ಲೇ ಬಿಡಿ. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಕ್ಯಾಪ್‌ನಿಂದ ಕಿತ್ತು, ಒಣ ಮರದ ಚಿಮುಟದಂಥ ವಿದ್ಯುತ್ ಹರಿಯದ ಹಿಡಿಕೆಯಲ್ಲಿ ಹಿಡಿಯಿರಿ, ಬರಿಗೈಯಲ್ಲಿ ಬೇಡವೇ ಬೇಡ. ಮೊದಲು ವೈರಿನ ತುದಿಯನ್ನು ಇಂಜಿನ್ನಿನ ಲೋಹದ ಹತ್ತಿರ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಟಕ್ ಟಕ್ ಅಂತ ನೀಲಿ ಕಿಡಿ ಹಾರಿದರೆ ಕಾಯಿಲ್ ಕಡೆಯೆಲ್ಲ ಸರಿಯಿದೆ. ಈಗ ಅದೇ ತುದಿಯನ್ನು ರೋಟರ್‌ನ ನಡುವಿನ ಹಿತ್ತಾಳೆಯಿಂದ 3 ಮಿಲಿಮೀಟರ್ ಮೇಲೆ ಹಿಡಿದು ಮತ್ತೆ ಸೆಲ್ಫ್ ಹೊಡೆಸಿ. ಒಳ್ಳೆಯ ರೋಟರ್ ಆದರೆ ಕಿಡಿಗೆ ಹೋಗಲು ದಾರಿ ಇಲ್ಲ, ಏನೂ ಹಾರುವುದಿಲ್ಲ. ಬಿಡದೆ ಕಿಡಿ ಹಾರುತ್ತಿದ್ದರೆ ಅದು ರೋಟರನ್ನು ತೂರಿಕೊಂಡು ಶಾಫ್ಟಿಗೆ ಹೋಗುತ್ತಿದೆ ಅಂತ ಅರ್ಥ. ಆ ರೋಟರ್ ಎಷ್ಟೇ ಫಳಫಳ ಹೊಳೆಯಲಿ, ತೆಗೆದುಹಾಕಿ.

ಕ್ಯಾಪ್‌ನ ಒಳಗಿನ ಟರ್ಮಿನಲ್‌ಗಳು ಹಿತ್ತಾಳೆಯದ್ದಾಗಿದ್ದರೆ ಒಳ್ಳೆಯದು. ಅಲ್ಯೂಮಿನಿಯಂ ಆದರೆ ಬೇಗ ಬಿಳಿ ಪುಡಿ ಕಟ್ಟುತ್ತದೆ. ನಡುವಿನ ಕಾರ್ಬನ್ ತುಂಡನ್ನು ಬೆರಳಿನಿಂದ ಒತ್ತಿ, ಸ್ಪ್ರಿಂಗ್ ಹಿಂದಕ್ಕೆ ತಳ್ಳಬೇಕು. ಕ್ಯಾಪ್ ಮತ್ತು ರೋಟರ್ ಒಂದೇ ತಯಾರಕರದ್ದು ಕೊಂಡರೆ ಅವೆರಡರ ನಡುವಿನ ಸಂದು ಸರಿಯಾಗಿ ಕೂರುತ್ತದೆ. ಹಾಕುವಾಗ ಹಳೆಯ ಕ್ಯಾಪನ್ನು ಪಕ್ಕದಲ್ಲೇ ಹಿಡಿದು, ವೈರುಗಳನ್ನು ಒಂದೊಂದಾಗಿ ಹೊಸದಕ್ಕೆ ದಾಟಿಸಿ. ಎಲ್ಲ ಒಟ್ಟಿಗೆ ಕಿತ್ತರೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) ಹುಡುಕುತ್ತಾ ಕೂರಬೇಕಾಗುತ್ತದೆ.

ಕಾಯಿಲ್: ಓಮ್ ನೋಡದೆ ಕೊಳ್ಳಬೇಡಿ

ಹನ್ನೆರಡು ವೋಲ್ಟ್ ಗಾಡಿಯ ಕಾಯಿಲ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರ ಪ್ರೈಮರಿ, ಅಂದರೆ ಬ್ಯಾಟರಿ ಕರೆಂಟು ಹರಿಯುವ ಮೊದಲ ಸುತ್ತು, ಸುಮಾರು 3 ಓಮ್. ಇನ್ನೊಂದರದ್ದು ಸುಮಾರು 1.5 ಓಮ್, ಇದಕ್ಕೆ ಹೊರಗಡೆ ಕರೆಂಟು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಬೇಕು. ನೋಡಲು ಎರಡೂ ಒಂದೇ ಥರ. ಬ್ಯಾಲಸ್ಟ್ ಇಲ್ಲದ ಗಾಡಿಗೆ 1.5 ಓಮ್ ಕಾಯಿಲ್ ಹಾಕಿದರೆ 4 ಆಂಪಿಯರ್ ಹರಿಯಬೇಕಾದ ಕಡೆ 8 ಹರಿಯುತ್ತದೆ. ಪಾಯಿಂಟ್ ಸುಡುತ್ತದೆ, ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ. ತಿರುಗಾ ಮುರುಗಾ ಆದರೆ ಕಿಡಿ ಮಂಕಾಗುತ್ತದೆ.

ಬ್ಯಾಲಸ್ಟ್ ಕೆಲವು ಗಾಡಿಗಳಲ್ಲಿ ಪಿಂಗಾಣಿ ತುಂಡಾಗಿ ಕಾಣುತ್ತದೆ. ಕೆಲವುಗಳಲ್ಲಿ ವೈರಿಂಗ್ ಒಳಗೇ ಅಡಗಿರುವ ವಿಶೇಷ ವೈರ್. ಆದ್ದರಿಂದ ಕಣ್ಣಿಗಿಂತ ಮೀಟರ್ ನಂಬಿ. ಪಾಯಿಂಟ್ ಮುಚ್ಚಿರುವ ಹಾಗೆ ಇಂಜಿನ್ ತಿರುಗಿಸಿಟ್ಟು, ಕೀಲಿ ಆನ್ ಮಾಡಿ, ಕಾಯಿಲ್‌ಗೆ ಕರೆಂಟು ಬರುವ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಷ್ಟೇ ಬಂದರೆ ಬ್ಯಾಲಸ್ಟ್ ಇಲ್ಲ, 3 ಓಮ್ ಕಾಯಿಲ್ ಬೇಕು. ಆರರಿಂದ ಒಂಬತ್ತು ವೋಲ್ಟ್ ಬಂದರೆ ಬ್ಯಾಲಸ್ಟ್ ಇದೆ. ಅಳೆದ ತಕ್ಷಣ ಕೀಲಿ ಆಫ್ ಮಾಡಿ, ಹಾಗೇ ಬಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ.

ವೈರ್ ಕೊಡುವಾಗ ಧ್ರುವ ಗಮನಿಸಿ. ಹಳೆಯ ಬ್ರಿಟಿಷ್ ಕಾರುಗಳು ಎಷ್ಟೋ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಲೋಹಕ್ಕೆ ಸೇರಿರುವುದು) ಇದ್ದವು. ಅಂಥ ಗಾಡಿಯನ್ನು ಯಾರಾದರೂ ನೆಗೆಟಿವ್ ಅರ್ತ್‌ಗೆ ಬದಲಾಯಿಸಿ ಕಾಯಿಲ್ ವೈರುಗಳನ್ನು ಅದಲು ಬದಲು ಮಾಡದೆ ಬಿಟ್ಟಿದ್ದರೆ, ಗಾಡಿ ಓಡುತ್ತದೆ, ಆದರೆ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ಬಾಷ್ ಕಾಯಿಲ್‌ಗಳಲ್ಲಿ 15 ಅಂದರೆ ಕೀಲಿಯ ಕಡೆ, 1 ಅಂದರೆ ಪಾಯಿಂಟ್ ಕಡೆ.

ವೈರ್ ಮತ್ತು ಪ್ಲಗ್

ಎಚ್‌ಟಿ ವೈರ್, ಅಂದರೆ ಪ್ಲಗ್‌ಗೆ ಹೋಗುವ ಹೈ ಟೆನ್ಷನ್ ವೈರ್‌ನಲ್ಲಿ, ದಪ್ಪಕ್ಕಿಂತ ತುದಿಯ ಕ್ರಿಂಪ್ (ಒತ್ತಿ ಬಿಗಿದ ಜೋಡಣೆ) ಮುಖ್ಯ. ತುದಿಯನ್ನು ಮೆಲ್ಲಗೆ ಎಳೆದು ನೋಡಿ. ಕಾರ್ಬನ್ ವೈರ್ ಆದರೆ ಮೀಟರ್ ಹಾಕಿಕೊಂಡೇ ಬಗ್ಗಿಸಿ, ಓಮ್ ಜಿಗಿಯಬಾರದು. ಪಾಯಿಂಟ್ ವ್ಯವಸ್ಥೆಗೆ ತಾಮ್ರದ ವೈರ್ ನಡೆಯುತ್ತದೆ. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸಿದ್ದರೆ ರೆಸಿಸ್ಟೆನ್ಸ್ ಇರುವ ವೈರ್ ಬೇಕು, ಇಲ್ಲದಿದ್ದರೆ ಅದರ ಕೆಲಸಕ್ಕೆ ಅಡ್ಡಿಯಾಗಬಹುದು.

ಪ್ಲಗ್ ಕೋಡ್ ಓದಲು ಕಲಿಯಿರಿ. ಎನ್‌ಜಿಕೆ ಬಿಪಿ6ಇಎಸ್ ಅಂದರೆ 6 ಹೀಟ್ ರೇಂಜ್ (ಪ್ಲಗ್ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನುವ ಅಳತೆ), ಇ ಅಂದರೆ 19 ಮಿಲಿಮೀಟರ್ ಉದ್ದದ ಥ್ರೆಡ್. ಇ ಬದಲು ಎಚ್ ಇದ್ದರೆ 12.7. ಗಿಡ್ಡ ಹೆಡ್‌ಗೆ ಉದ್ದ ಪ್ಲಗ್ ಹಾಕಿದರೆ ಪಿಸ್ಟನ್‌ಗೆ ಬಡಿಯಬಹುದು. ಎನ್‌ಜಿಕೆಯಲ್ಲಿ ಸಂಖ್ಯೆ ಏರಿದಷ್ಟೂ ಪ್ಲಗ್ ತಣ್ಣಗಿನದ್ದು, ಬಾಷ್‌ನಲ್ಲಿ ಉಲ್ಟಾ, ಏರಿದಷ್ಟೂ ಬಿಸಿಯದ್ದು. ಸುಮ್ನೆ ಸಂಖ್ಯೆ ಹೋಲಿಸಿ ಕೊಳ್ಳಬೇಡಿ.

ಒಳ್ಳೆಯ ಬ್ರ್ಯಾಂಡ್‌ಗಳ ಪ್ಲಗ್‌ಗಳಿಗೆ ನಕಲಿ ಬರುತ್ತವೆ. ಪಿಂಗಾಣಿಯ ಮೇಲಿನ ಅಕ್ಷರ ಮಸುಕಾಗಿದ್ದರೆ, ನಡುವಿನ ಎಲೆಕ್ಟ್ರೋಡ್ ಒಂದು ಕಡೆ ವಾಲಿದ್ದರೆ, ಥ್ರೆಡ್ ಒರಟಾಗಿದ್ದರೆ, ವಾಷರ್ ತಿರುಗಿಸಿದ ಕೂಡಲೇ ಕಳಚಿ ಕೈಗೆ ಬಂದರೆ ಅಂಥದ್ದು ಬೇಡ. ಇರಿಡಿಯಂ ಪ್ಲಗ್ ಪಾಯಿಂಟ್ ಗಾಡಿಗೆ ಅಗತ್ಯವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾರ್ಬ್ಯುರೇಟರ್ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಓಡಿದರೂ ಮಸಿ ಕಟ್ಟುವ ಗಾಡಿಗೆ, ಆಗಾಗ ತೆಗೆದು ಒರೆಸಿ ಗ್ಯಾಪ್ ಸರಿಮಾಡಬಹುದಾದ ಸಾಧಾರಣ ಪ್ಲಗ್ಗೇ ಅನುಕೂಲ. ವಾಷರ್ ಇರುವ ಹೊಸ 14 ಮಿಲಿಮೀಟರ್ ಪ್ಲಗ್ಗನ್ನು ಕೈಯಲ್ಲೇ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಪಾನಾದಲ್ಲಿ ಅರ್ಧ ಸುತ್ತಿನಿಂದ ಮೂರನೇ ಎರಡರಷ್ಟು ಸುತ್ತಿನ ತನಕ ಮಾತ್ರ ತಿರುಗಿಸಿ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಬೇಕಾ?

ಕ್ಯಾಪ್ ಅಡಿಯಲ್ಲೇ ಕೂರುವ ಮಾಡ್ಯೂಲ್‌ಗಳು ಚೆನ್ನಾಗೇ ಕೆಲಸ ಮಾಡುತ್ತವೆ. ಗ್ಯಾಪ್ ನೋಡುವ ಕೆಲಸ ತಪ್ಪುತ್ತದೆ. ಆದರೆ ಕಾಯಿಲ್‌ಗೆ ಕನಿಷ್ಠ ಎಷ್ಟು ಓಮ್ ಇರಬೇಕು ಅಂತ ಮಾಡ್ಯೂಲ್ ಜತೆ ಬರುವ ಕಾಗದದಲ್ಲಿ ಬರೆದಿರುತ್ತದೆ, ಅದಕ್ಕಿಂತ ಕಮ್ಮಿ ಓಮ್‌ನ ಕಾಯಿಲ್ ಬೇಡ. ಪ್ಲಸ್ ಮೈನಸ್ ಉಲ್ಟಾ ಕೊಟ್ಟರೆ ಮಾಡ್ಯೂಲ್ ಸುಟ್ಟುಹೋಗುವ ಅಪಾಯವಿದೆ. ಇಂಜಿನ್ ನಿಂತಿರುವಾಗ ಕೀಲಿ ಆನ್ ಇಟ್ಟು ರೇಡಿಯೋ ಕೇಳುವ ಅಭ್ಯಾಸ ಇದ್ದರೆ ಬಿಡಬೇಕು. ದೂರ ಹೋಗುವಾಗ ಹಳೆಯ ಪಾಯಿಂಟ್, ಕಂಡೆನ್ಸರ್ ಮತ್ತು ಒಂದು ಸ್ಕ್ರೂ ಡ್ರೈವರ್ ಡ್ಯಾಶ್‌ಬೋರ್ಡಿನಲ್ಲಿರಲಿ. ಪಾಯಿಂಟ್ ಕೈಕೊಟ್ಟರೆ ರಸ್ತೆ ಬದಿಯಲ್ಲೇ ಸರಿಮಾಡಬಹುದು, ಮಾಡ್ಯೂಲ್ ಸತ್ತರೆ ಅದನ್ನು ಅಲ್ಲಿ ಸರಿಮಾಡಲಾಗದು, ಹಳೆಯ ಪಾಯಿಂಟನ್ನೇ ವಾಪಸ್ ಹಾಕಬೇಕು.

ಹಾಕುವ ಕ್ರಮ

ಎಲ್ಲವನ್ನೂ ಒಂದೇ ದಿನ ಬದಲಾಯಿಸುವ ಆಸೆ ಬೇಡ. ಒಂದು ಭಾಗ ಹಾಕಿ, ಇಂಜಿನ್ ಪೂರ್ತಿ ಬಿಸಿಯಾಗುವ ಹಾಗೆ ಅರ್ಧ ಗಂಟೆಯಾದರೂ ಓಡಿಸಿ, ಆಮೇಲೆ ಮುಂದಿನದ್ದು. ಆರು ಹೊಸ ಭಾಗಗಳನ್ನು ಒಟ್ಟಿಗೆ ಹಾಕಿ ಗಾಡಿ ನಿಂತರೆ, ತಪ್ಪು ಆರರಲ್ಲಿ ಯಾವುದರದ್ದು ಅಂತ ಹುಡುಕುತ್ತೀರಿ? ಪಾಯಿಂಟ್ ಬದಲಾಯಿಸಿದಾಗ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಗುತ್ತದೆ, ಟೈಮಿಂಗ್ ಬದಲಾದರೆ ಗ್ಯಾಪ್ ಬದಲಾಗುವುದಿಲ್ಲ.

ಓಡುತ್ತಿದ್ದ ಹಳೆಯ ಭಾಗವನ್ನು ಬಿಸಾಕಬೇಡಿ. ಕವರ್‌ನಲ್ಲಿ ಹಾಕಿ, ತೆಗೆದ ದಿನಾಂಕ ಮತ್ತು ಕಿಲೋಮೀಟರ್ ಬರೆದು ಗಾಡಿಯಲ್ಲೇ ಇಡಿ. ಹೊಸ ಪಾಯಿಂಟ್‌ನ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಕ್ಯಾಮ್‌ಗೆ ಹೊಂದಿಕೊಳ್ಳುತ್ತಾ ಸ್ವಲ್ಪ ಸವೆಯುತ್ತದೆ. ಆದ್ದರಿಂದ 500 ಕಿಲೋಮೀಟರ್ ಆಸುಪಾಸಿನಲ್ಲಿ ಮತ್ತೊಮ್ಮೆ ಕ್ಯಾಪ್ ತೆಗೆದು ಫೀಲರ್ ಗೇಜ್ ಹಾಕಿ. 0.40 ಇಟ್ಟಿದ್ದು 0.36 ಆಗಿದ್ದರೆ ಗಾಬರಿ ಬೇಡ, ಸರಿಮಾಡಿ ಟೈಮಿಂಗ್ ನೋಡಿ. ಇನ್ನೊಂದು 500 ಕಿಲೋಮೀಟರಿಗೆ ಮತ್ತೆ ಅಷ್ಟೇ ಇಳಿದಿದ್ದರೆ ಹಿಮ್ಮಡಿ ಕಳಪೆ. ಆ ಪಾಯಿಂಟ್ ತೆಗೆದು, ಕವರ್‌ನಲ್ಲಿರುವ ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ ಬೇರೆ ತಯಾರಕರದ್ದು ಹುಡುಕಿ.